ಬಿಸಿಲಿನಲ್ಲಿ ನಿಂತ ಕಾರು

ವೈಶಾಖದ ನಡುಹಗಲು. ಕಲಬುರಗಿ, ರಾಯಚೂರುಗಳ ಕಡೆ ಈ ದಿನಗಳಲ್ಲಿ ನೆರಳಿನ ಉಷ್ಣತೆಯೇ 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದುಂಟು. ಬಯಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲನ್ನು ಒಂದು ಗಂಟೆಯ ಬಳಿಕ ತೆರೆದರೆ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಸ್ಟೀರಿಂಗ್ ಚಕ್ರವನ್ನು ಮುಟ್ಟಲಾಗುವುದಿಲ್ಲ. ಒಳಗೆ ಉರಿಯುವ ಒಲೆಯೇನೂ ಇಲ್ಲ. ಹಾಗಾದರೆ ಹೊರಗಿಗಿಂತ ಹೆಚ್ಚಿನ ಈ ಕಾವು ಎಲ್ಲಿಂದ ಬಂದಿತು? ಇದನ್ನು ತಿಳಿದರೆ ಕಾರನ್ನು ತಂಪಾಗಿಡುವ ಉಪಾಯವೂ ತಾನಾಗಿ ಹೊಳೆಯುತ್ತದೆ.

ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ. ಅಷ್ಟು ಕಾದ ಕಾಯದಿಂದ ಹೊರಡುವ ವಿಕಿರಣದ ಬಹುಭಾಗ ಕಣ್ಣಿಗೆ ಕಾಣುವ ಬೆಳಕು ಮತ್ತು ಅದಕ್ಕೆ ಸಮೀಪದ ಅವಕೆಂಪು ಕಿರಣಗಳು. ಗಾಜು ಇವುಗಳ ಬಹುಪಾಲನ್ನು ಒಳಬಿಡುತ್ತದೆ. ಆಸನ, ಡ್ಯಾಶ್‌ಬೋರ್ಡುಗಳು ಆ ಬೆಳಕನ್ನು ಹೀರಿ ಕಾಯುತ್ತವೆ. ಅವುಗಳನ್ನು ಸೋಕಿದ ಗಾಳಿಯೂ ಕಾಯುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ನಿರ್ಮಲವಾದ ನಡುಹಗಲಿನ ಬಿಸಿಲು ತನಗೆ ಲಂಬವಾಗಿರುವ ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಸುಮಾರು 1,000 ಜೂಲ್ ಶಕ್ತಿಯನ್ನು ಸುರಿಸುತ್ತದೆ. ಕಾರಿನೊಳಗೆ 3 ಘನ ಮೀಟರ್ ಗಾಳಿಯಿದೆಯೆಂದು ಇಟ್ಟುಕೊಂಡರೆ ಅದರ ರಾಶಿ ಸುಮಾರು ಮೂರೂವರೆ ಕಿಲೋಗ್ರಾಂ. ಅದನ್ನು ಒಂದು ಡಿಗ್ರಿ ಕಾಯಿಸಲು 3,500 ಜೂಲ್ ಸಾಕು. ಅಂದರೆ, ಒಂದು ಚದರ ಮೀಟರಿನ ಬಿಸಿಲು ಮೂರು ನಾಲ್ಕು ಸೆಕೆಂಡುಗಳಲ್ಲಿ ಸುರಿಸುವ ಶಕ್ತಿ! ಹೆಚ್ಚಿನ ಪಾಲು ಆಸನಗಳಲ್ಲೂ ಲೋಹದಲ್ಲೂ ಉಳಿದು, ಕೆಲಭಾಗ ಹೊರಗೆ ಸೋರುವುದರಿಂದ ಮಾತ್ರ ಗಾಳಿ ಅಷ್ಟು ವೇಗವಾಗಿ ಕಾಯದು.

ಒಳಬಂದ ಉಷ್ಣ ಮರಳಿ ಏಕೆ ಹೋಗುವುದಿಲ್ಲ? ಕಾದ ಆಸನದಿಂದ ಹೊರಡುವ ಕಿರಣಗಳ ಅಲೆಯುದ್ದ ಬೆಳಕಿನದಕ್ಕಿಂತ ಬಹಳ ಹೆಚ್ಚು. ಅವುಗಳನ್ನು ಗಾಜು ತಡೆಯುತ್ತದೆ. ಇದು ನಿಜ, ಆದರೆ ಮುಖ್ಯ ಕಾರಣ ಬೇರೆ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆಗಳನ್ನು ಬಿಸಿಲಿಗಿಟ್ಟರು. ಒಂದಕ್ಕೆ ಗಾಜಿನ ಮುಚ್ಚಳ. ಮತ್ತೊಂದಕ್ಕೆ ಆ ದೀರ್ಘ ಕಿರಣಗಳನ್ನೂ ಹೊರಬಿಡುವ ಕಲ್ಲುಪ್ಪಿನ ಫಲಕ. ಎರಡೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕಾದವು. ಬಯಲಿನಲ್ಲಿ ಕಾದ ಗಾಳಿ ಮೇಲೇರಿ ಹೋಗುತ್ತದೆ, ತಂಪು ಗಾಳಿ ಅದರ ಸ್ಥಾನಕ್ಕೆ ಬರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಈ ಸಂವಹನ ನಿಂತುಹೋಗುತ್ತದೆ. ಕಾರೂ ಅಂಥದೇ ಒಂದು ಪೆಟ್ಟಿಗೆ.

ಹಾಗಾದರೆ ಕಿಟಕಿಯನ್ನು ತುಸು ಇಳಿಸಿದರೆ ಸಾಲದೆ? ಸಾಲದು. ಕ್ಯಾಲಿಫೋರ್ನಿಯದಲ್ಲಿ ಅಳತೆ ಮಾಡಿ 2005ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತು. ಈ ಏರಿಕೆಯ ಶೇಕಡ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಆಯಿತು. ಕಿಟಕಿಯನ್ನು ಸುಮಾರು 4 ಸೆಂಟಿಮೀಟರ್ ತೆರೆದಿಟ್ಟುದರಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಷ್ಟು ಕಿರಿದಾದ ಸಂದಿಯಲ್ಲಿ ಹೊರಹೋಗುವ ಉಷ್ಣ, ಗಾಜುಗಳಲ್ಲಿ ಸುರಿದುಬರುವ ಶಕ್ತಿಗೆ ಸಾಟಿಯಾಗದು.

ಆದುದರಿಂದ ಬಿಸಿಲನ್ನು ಗಾಜಿನ ಹೊರಗೇ ತಡೆಯುವುದು ಉತ್ತಮೋಪಾಯ. ಮರದ ನೆರಳು ಮೊದಲನೆಯದು. ಅದಿಲ್ಲದಿದ್ದರೆ ಗಾಜುಗಳ ಮೇಲೆ ಹೊರಗಿನಿಂದ ಬಿಳಿಯ ಹೊದಿಕೆ. ಒಳಗಡೆ ತೆರೆ ಹಾಕುವುದಾದರೆ ಹೊಳೆಯುವ ಮುಖ ಗಾಜಿನ ಕಡೆಗಿರಲಿ. ಆಗ ಬೆಳಕು ಉಷ್ಣವಾಗುವ ಮೊದಲೇ ಹಿಂದಿರುಗುತ್ತದೆ. ಕಪ್ಪು ಬಟ್ಟೆಯಾದರೋ ಬೆಳಕನ್ನು ಹೀರಿ ತಾನೇ ಕಾದು, ಆ ಉಷ್ಣವನ್ನು ಒಳಗಿನ ಗಾಳಿಗೆ ಕೊಡುತ್ತದೆ. ಹೊರಡುವ ಮುನ್ನ ಎಲ್ಲ ಬಾಗಿಲುಗಳನ್ನೂ ಒಂದೆರಡು ನಿಮಿಷ ತೆರೆದಿಟ್ಟರೆ, ನಿಂತುಹೋಗಿದ್ದ ಸಂವಹನ ಮತ್ತೆ ಮೊದಲಾಗುತ್ತದೆ.

ನೆರಳಿಗೂ ಮಿತಿಯುಂಟು. ಅಮೆರಿಕದ ಅರಿಜೋನದಲ್ಲಿ ಬೇಸಗೆಯಲ್ಲಿ ನಡೆಸಿದ, 2018ರಲ್ಲಿ ಪ್ರಕಟವಾದ ಅಳತೆಗಳಲ್ಲಿ, ಒಂದು ಗಂಟೆ ಬಿಸಿಲಿನಲ್ಲಿ ನಿಂತ ಕಾರಿನ ಒಳಗಾಳಿ ಸರಾಸರಿ 47 ಡಿಗ್ರಿಯನ್ನೂ ಡ್ಯಾಶ್‌ಬೋರ್ಡು 69 ಡಿಗ್ರಿಯನ್ನೂ ಮುಟ್ಟಿದ್ದವು. ನೆರಳಿನಲ್ಲಿದ್ದ ಕಾರಿನ ಒಳಗಾಳಿಯೂ 38 ಡಿಗ್ರಿಯಿತ್ತು. ದೊಡ್ಡವರಿಗೆ ಇದು ಬರಿಯ ಸೆಕೆ, ಕೂಸಿಗೆ ಪ್ರಾಣಾಪಾಯ. ತೂಕಕ್ಕೆ ಹೋಲಿಸಿದರೆ ಎಳೆಯ ಮೈಯ ಮೇಲ್ಮೈ ಹೆಚ್ಚು; ಆದುದರಿಂದ ಸುತ್ತಲಿನ ಉಷ್ಣವನ್ನು ಅದು ವಯಸ್ಕರಿಗಿಂತ ಬಹು ಬೇಗ ಹೀರಿಕೊಳ್ಳುತ್ತದೆ. ದೇಹದೊಳಗಿನ ಉಷ್ಣತೆ 40 ಡಿಗ್ರಿಯನ್ನು ಮುಟ್ಟಿತೆಂದರೆ ಉಷ್ಣಾಘಾತವು ಸನ್ನಿಹಿತವೆಂದೇ ತಿಳಿಯಬೇಕು.

ಕಾರಿನ ಆಸನ ಕಾದರೆ ಸಂಜೆಗೆ ತಣಿಯುತ್ತದೆ. ಆದರೆ ಮಲಗಿದ ಮಗುವನ್ನು ಎಬ್ಬಿಸಲಾರದೆ, ‘ಐದೇ ನಿಮಿಷ, ಕಿಟಕಿ ತೆರೆದಿದೆ, ನೆರಳೂ ಇದೆ’ ಎಂದು ಕಾರಿನಲ್ಲಿ ಬಿಟ್ಟು ಹೋಗುವವರನ್ನು ಕಂಡಾಗ, ನಾವು ಕಲಿತ ಈ ಭೌತವಿಜ್ಞಾನವನ್ನು ಅವರಿಗೆ ಅಲ್ಲಿಯೇ ತಿಳಿಸಿಹೇಳುವುದು ನಮ್ಮ ಕರ್ತವ್ಯ.