ಅವಸರವಿಲ್ಲದ ತೀರ

ಬಂಗಾಳ ಕೊಲ್ಲಿಯಲ್ಲಿ ಉತ್ತರ ದಕ್ಷಿಣವಾಗಿ ಹಬ್ಬಿರುವ ಅಂಡಮಾನ್ ದ್ವೀಪಸಮೂಹದಲ್ಲಿ ಹ್ಯಾವ್‌ಲಾಕ್ ಎಂಬ ಚಿಕ್ಕ ದ್ವೀಪವೊಂದಿದೆ. 2018ರಲ್ಲಿ ಅದಕ್ಕೆ ಸ್ವರಾಜ್ ದ್ವೀಪವೆಂದು ಹೆಸರಾಯಿತು. ಪೋರ್ಟ್ ಬ್ಲೇರ್‌ನಿಂದ, ಎಂದರೆ 2024ರಲ್ಲಿ ಶ್ರೀ ವಿಜಯಪುರಂ ಎಂಬ ಹೊಸ ಹೆಸರು ಪಡೆದ ಪಟ್ಟಣದಿಂದ, ಅಲ್ಲಿಗೆ ಹಡಗಿನಲ್ಲಿ ಸುಮಾರು ಎರಡು ಗಂಟೆಗಳ ಪ್ರಯಾಣ. 1950ರ ದಶಕದಲ್ಲಿ, ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಇಲ್ಲಿ ನೆಲೆನಿಂತವು. ಗೋವಿಂದನಗರ, ರಾಧಾನಗರ, ವಿಜಯನಗರ ಎಂಬವು ಇಲ್ಲಿನ ಊರುಗಳು. ವಿಜಯನಗರವೆಂದೊಡನೆ ಕನ್ನಡಿಗನ ಕಿವಿ ನಿಮಿರುವುದು ಸಹಜ. ಆದರೆ ತುಂಗಭದ್ರೆಯ ತೀರದ ವಿಜಯನಗರಕ್ಕೂ ಇದಕ್ಕೂ ನಂಟಿಲ್ಲ. ಮಲೆನಾಡಿನವನಿಗೆ ಇಲ್ಲಿ ಪರಿಚಿತವಾಗಿ ಕಾಣುವುದು ಅಡಕೆಯ ತೋಟ ಮಾತ್ರ.

ಗೋವಿಂದನಗರ, ವಿಜಯನಗರಗಳ ಕಡಲ ಕರೆಯಲ್ಲಿ ಸ್ಕೂಬಾ ಮುಳುಗುಗಾರರಿಗಾಗಿಯೇ ಇರುವ ರೆಸಾರ್ಟುಗಳಿವೆ. ಅವುಗಳಲ್ಲಿ ಆಡಂಬರ ಕಡಿಮೆ. ನೀರಿನ ಕಡೆಗೆ ಬಾಗಿದ ಮರಗಳ ನೆರಳಿನಲ್ಲಿ ಮರದ ಕುಟೀರಗಳು. ಹಗ್ಗದ ಮೇಲೆ ಒಣಗುತ್ತಿರುವ ರಬ್ಬರಿನ ಉಡುಪುಗಳು. ಮರದಿಂದ ಮರಕ್ಕೆ ಕಟ್ಟಿದ ತೂಗುಜೋಲಿಗಳು. ಅಲ್ಲಿ ಬರಿಗಾಲಿನಲ್ಲಿ ನಡೆಯದವನೇ ಅಪರೂಪ. ಗಡಿಯಾರ ಬೆಂಗಳೂರಿನದೇ ಆದರೂ ಸೂರ್ಯ ಮಾತ್ರ ಸುಮಾರು ಒಂದು ಗಂಟೆ ಮೊದಲೇ ಮೂಡುತ್ತಾನೆ. ಆದುದರಿಂದ ನಸುಕಿನಲ್ಲಿಯೇ ದೋಣಿಗಳು ಹೊರಡುತ್ತವೆ. ಮಧ್ಯಾಹ್ನದ ಹೊತ್ತಿಗೆ ಮರಳಿ ಬಂದವರೆಲ್ಲರೂ ತೂಗುಜೋಲಿಗಳಲ್ಲಿ ಒರಗಿಬಿಡುತ್ತಾರೆ. ಸಾವಿರಾರು ರೂಪಾಯಿ ವೆಚ್ಚಮಾಡಿ ಕಡಲು ದಾಟಿ ಬಂದವರು ಹಾಡುಹಗಲಲ್ಲಿ ಹೀಗೆ ಮಲಗುವುದೇ ಎಂದು ಹೊಸಬನಿಗೆ ಅಚ್ಚರಿಯಾಗುತ್ತದೆ. ಅದನ್ನು ಸೋಮಾರಿತನವೆಂದು ಅವನು ಭಾವಿಸಿದರೆ ತಪ್ಪೇನೂ ಅಲ್ಲ. ಕಾರಣ ಕಣ್ಣಿಗೆ ಕಾಣುವಂಥದಲ್ಲ. ಅದು ಮಲಗಿದವರ ರಕ್ತದಲ್ಲಿದೆ.

ಮುಳುಗುಗಾರನ ಬೆನ್ನಿನ ಸಿಲಿಂಡರಿನಲ್ಲಿರುವುದು ಆಮ್ಲಜನಕವೆಂದು ಹಲವರ ನಂಬಿಕೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಎಂಬವರು ರೂಪಿಸಿದ ಉಪಕರಣವು ಆ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಬಾಯಿಗೆ ಒದಗಿಸುವಂತೆ ಮಾಡಿತು. ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆಲ್ಲ ವಾಯುಮಂಡಲದ ಒತ್ತಡದಷ್ಟು ಒತ್ತಡ ಹೆಚ್ಚುತ್ತದೆ. 20 ಮೀಟರ್ ಆಳದಲ್ಲಿ ಅದು ದಡದಲ್ಲಿರುವುದರ ಮೂರರಷ್ಟು. ಆಗ ಗಾಳಿಯಲ್ಲಿರುವ ಸಾರಜನಕವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೆಚ್ಚಾಗಿ ಕರಗುತ್ತದೆ. ಕರಗಿರುವವರೆಗೆ ಬಾಧೆಯಿಲ್ಲ. ಅವಸರದಿಂದ ಮೇಲೇರಿದರೆ ಮಾತ್ರ, ಗೋಲಿಸೋಡಾದ ಗೋಲಿಯನ್ನು ಒತ್ತಿದೊಡನೆ ಬುರುಗು ಏಳುವಂತೆ, ಆ ಅನಿಲ ಮೈಯೊಳಗೆ ಗುಳ್ಳೆಗಳಾಗಿ ಹೊಮ್ಮಬಹುದು. ಕೀಲುಗಳು ಸಹಿಸಲಾರದಂತೆ ನೋಯುತ್ತವೆ, ಅಂಗಗಳು ಸ್ವಾಧೀನ ತಪ್ಪಬಹುದು, ಪ್ರಾಣವೇ ಹೋಗಬಹುದು.

ಇದಕ್ಕೆ ಪರಿಹಾರ ತೋರಿದವನು ಬ್ರಿಟನ್ನಿನ ಶರೀರವಿಜ್ಞಾನಿ ಹಾಲ್ಡೇನ್. ನೌಕಾಪಡೆಗಾಗಿ ಅವನು ನಡೆಸಿದ ಪ್ರಯೋಗಗಳಲ್ಲಿ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಹೊರತೆಗೆಯಲಾಗುತ್ತಿತ್ತು. ಗುಳ್ಳೆಗಳ ನೋವು ತಗುಲಿದ ಮೇಕೆ ಕಾಲೆತ್ತಿ ನಿಲ್ಲುತ್ತಿತ್ತು. ಪಾಪ, ಆ ಮೂಕ ಪ್ರಾಣಿಗಳ ಋಣ ಇಂದಿನ ಪ್ರತಿಯೊಬ್ಬ ಮುಳುಗುಗಾರನ ಮೇಲಿದೆ. ಎಷ್ಟು ಆಳದಿಂದ ಎಷ್ಟು ಹೊತ್ತಿನಲ್ಲಿ, ಎಲ್ಲೆಲ್ಲಿ ತಂಗಿ ಮೇಲೆ ಬರಬೇಕೆಂಬ ಕೋಷ್ಟಕಗಳನ್ನು ಹಾಲ್ಡೇನನೂ ಅವನ ಸಹೋದ್ಯೋಗಿಗಳೂ 1908ರಲ್ಲಿ ಪ್ರಕಟಿಸಿದರು.

ಈ ಎಚ್ಚರಿಕೆ ತೀರದ ದಿನಚರಿಯಲ್ಲಿ ಹಾಸುಹೊಕ್ಕಾಗಿದೆ. ಇಬ್ಬಿಬ್ಬರು ಜೊತೆಯಾಗಿ ಮುಳುಗಬೇಕು. ನೀರಿಗಿಳಿಯುವ ಮೊದಲು ಒಬ್ಬರ ಉಪಕರಣವನ್ನು ಇನ್ನೊಬ್ಬರು ಪರೀಕ್ಷಿಸಬೇಕು. ನೀರಿನೊಳಗೆ ಎಂದಿಗೂ ಉಸಿರು ಕಟ್ಟಬಾರದು. ಏಕೆಂದರೆ 10 ಮೀಟರ್ ಆಳದಲ್ಲಿ ಎದೆತುಂಬ ಎಳೆದ ಗಾಳಿ, ಮೇಲ್ಮೈಗೆ ಬರುವಷ್ಟರಲ್ಲಿ ಇಮ್ಮಡಿಯಾಗಿ ಶ್ವಾಸಕೋಶವನ್ನು ಹರಿದೀತು. ಆಳದಲ್ಲಿಯೂ ಅವಸರಕ್ಕೆ ಬೆಲೆಯಿಲ್ಲ. ಕೈಕಾಲು ಬಡಿಯುವವನ ಗಾಳಿ ಬೇಗನೆ ಮುಗಿಯುತ್ತದೆ, ಮೀನುಗಳೂ ಚದುರುತ್ತವೆ. ಸುಮ್ಮನೆ ತೇಲುವವನಿಗೆ ಗಿಳಿಮೀನು ತನ್ನ ಕೊಕ್ಕಿನಂತಹ ಹಲ್ಲುಗಳಿಂದ ಹವಳದ ದಿಬ್ಬವನ್ನು ಕೆರೆಯುವ ಕರಕರ ಸದ್ದು ಕೂಡ ಕೇಳಿಸುತ್ತದೆ. ಮರಳುವಾಗ ತಾನು ಬಿಟ್ಟ ಪುಟ್ಟ ಗುಳ್ಳೆಗಳಿಗಿಂತ ವೇಗವಾಗಿ ಏರಬಾರದೆಂಬುದು ಹಳೆಯ ಕಟ್ಟಳೆ. ದೋಣಿಯ ತಳ ಕಣ್ಣೆದುರಿಗೇ ಕಾಣುತ್ತಿದ್ದರೂ 5 ಮೀಟರ್ ಆಳದಲ್ಲಿ ಮೂರು ನಿಮಿಷ ತಂಗಬೇಕು. ದಡ ಸೇರಿದ ಮೇಲೂ ಉಳಿದ ಸಾರಜನಕ ಉಸಿರಿನೊಡನೆ ಮೆಲ್ಲಮೆಲ್ಲನೆ ಹೊರಬೀಳಲು ಗಂಟೆಗಳು ಬೇಕು. ತೂಗುಜೋಲಿಯಲ್ಲಿ ಮಲಗಿದವರು ಮಾಡುತ್ತಿರುವ ಕೆಲಸ ಅದೇ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಮುಳುಗುವವರಿಗೂ ಕಟ್ಟಳೆ ಬೇರೆಯಲ್ಲ.

ಈ ನಿಯಮ ಕಹಿಯಾಗುವುದು ಹೊರಡುವ ದಿನ ಹತ್ತಿರ ಬಂದಾಗ. ನಾಲ್ಕು ದಿನ ಬಿಡದೆ ಮುಳುಗಿದ ಪ್ರವಾಸಿಯೊಬ್ಬ ಕೊನೆಯ ಸಂಜೆ ಶಿಕ್ಷಕನನ್ನು ಕೇಳುತ್ತಾನೆ: “ನಾಳೆ ಬೆಳಗ್ಗೆ ಆರಕ್ಕೆ ಒಂದೇ ಒಂದು ಸಲ ಮುಳುಗಿ, ಒಂಬತ್ತರ ಹಡಗು ಹಿಡಿದು, ಮಧ್ಯಾಹ್ನದ ವಿಮಾನ ಏರಬಹುದಲ್ಲವೆ?”

“ಏರಬಹುದು, ಸ್ವಾಮಿ. ಇಳಿಯುವಾಗ ಹೇಗಿರುತ್ತೀರೆಂದು ನಾನು ಹೇಳಲಾರೆ.”

ಮೇಲೆ ಹಾರುವ ವಿಮಾನದೊಳಗಿನ ಒತ್ತಡ ಕಡಲ ಮಟ್ಟದ್ದಕ್ಕಿಂತ ಕಡಿಮೆ. ಹಾರಾಟವೆಂದರೆ ಮತ್ತೊಮ್ಮೆ ಮೇಲೇರಿದಂತೆಯೇ. ಆದುದರಿಂದ ಹಲವು ಸಲ ಮುಳುಗಿದವನು ಕನಿಷ್ಠ 18 ಗಂಟೆ ವಿಮಾನವೇರಬಾರದು. ಪ್ರವಾಸಿ ಚೌಕಾಸಿ ಮಾಡುತ್ತಾನೆ. ಹಣ ಇಮ್ಮಡಿ ಕೊಡುವೆನೆನ್ನುತ್ತಾನೆ. ಶಿಕ್ಷಕ ನಕ್ಕು, ಮರುದಿನದ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕುತ್ತಾನೆ.

ಬೆಳಗ್ಗೆ ಆರಕ್ಕೆ ದೋಣಿ ಹೊರಡುತ್ತದೆ. ಇಳಿತದ ನೀರು ದೂರ ಸರಿದು, ತೀರದುದ್ದಕ್ಕೂ ಕಲ್ಲುಗಳು ಎದ್ದು ಕಾಣುತ್ತವೆ. ಪ್ರವಾಸಿ ಸ್ವಲ್ಪ ಹೊತ್ತು ಮುನಿಸಿನಿಂದಲೇ ದೋಣಿಯನ್ನು ನೋಡುತ್ತ ನಿಂತು, ಅನಂತರ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಕಲ್ಲುಗಳ ನಡುವೆ ಉಳಿದ ನೀರಿನಲ್ಲಿ ಅಡ್ಡಡ್ಡ ಓಡುವ ಏಡಿಯೊಂದರ ಹಿಂದೆ ಮೆಲ್ಲನೆ ಹೆಜ್ಜೆಯಿಡುತ್ತಾನೆ.