ಒಂಟಿಯಾಗಿ ಹಾರುವ ಮಗು ಯಾರ ವಶದಲ್ಲಿದೆ?

ಏಪ್ರಿಲ್ ಬಂತೆಂದರೆ ಬೆಂಗಳೂರು, ಪುಣೆ, ದೆಹಲಿಗಳಲ್ಲಿ ದುಡಿಯುವ ಅಪ್ಪ ಅಮ್ಮಂದಿರಿಗೆ ಒಂದು ಚಿಂತೆ ಶುರುವಾಗುತ್ತದೆ. ಮಕ್ಕಳಿಗೆ ಎರಡು ತಿಂಗಳ ರಜೆ. ತಮಗೆ ಎರಡು ದಿನದ ರಜೆ ಸಿಗುವುದೂ ಕಷ್ಟ. ಅಜ್ಜ ಅಜ್ಜಿ ಇರುವುದು ಮಂಗಳೂರಿನಲ್ಲೋ ಬೆಳಗಾವಿಯಲ್ಲೋ. ಬೇರೆಯಾಗಿ ಎರಡು ಊರುಗಳಲ್ಲಿ ನೆಲೆಸಿದ ತಂದೆ ತಾಯಿಯರಿಗಂತೂ ಮಗುವಿನ ಓಡಾಟ ನ್ಯಾಯಾಲಯದ ಆದೇಶದಲ್ಲೇ ಬರೆದಿರುತ್ತದೆ. ಮಗುವನ್ನು ಒಂಟಿಯಾಗಿ ವಿಮಾನ ಹತ್ತಿಸಬಹುದೇ ಎಂದು ಕೇಳಿದರೆ, ಹತ್ತಿಸಬಹುದು. ನಮ್ಮ ದೇಶದ ವಿಮಾನಯಾನ ಸಂಸ್ಥೆಗಳು ಸಾಮಾನ್ಯವಾಗಿ 5 ವರ್ಷ ತುಂಬಿದ, 12 ದಾಟದ ಮಕ್ಕಳನ್ನು ಪ್ರತ್ಯೇಕ ಶುಲ್ಕ ಪಡೆದು, ಒಂದು ಫಾರಂ ತುಂಬಿಸಿಕೊಂಡು, ತಮ್ಮ ಸಿಬ್ಬಂದಿಯ ಉಸ್ತುವಾರಿಯಲ್ಲಿ ಕರೆದೊಯ್ಯುತ್ತವೆ. ಐದರ ಒಳಗಿನ ಮಗು ಒಂಟಿಯಾಗಿ ಹೋಗುವಂತಿಲ್ಲ. ವಯಸ್ಸಿನ ಮಿತಿ, ಶುಲ್ಕ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮೊದಲೇ ಕಾಲ್ ಸೆಂಟರಿಗೆ ಫೋನ್ ಮಾಡಿ ವಿಚಾರಿಸಬೇಕು. ಬಹಳ ಮಂದಿ ಇಷ್ಟಕ್ಕೇ ವ್ಯವಸ್ಥೆ ಮುಗಿಯಿತೆಂದುಕೊಳ್ಳುತ್ತಾರೆ. ಆದರೆ ಇಲ್ಲಿ ನಡೆಯುವುದು ಮಗುವಿನ ವಶ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಕೆಲಸ. ಮನೆಯ ಬಾಗಿಲಿನಿಂದ ಅಜ್ಜಿಯ ಬಾಗಿಲಿನವರೆಗೆ ಪ್ರತಿ ಕ್ಷಣವೂ ಮಗು ಯಾರ ಹೊಣೆಯಲ್ಲಿದೆ ಎಂಬುದಕ್ಕೆ ಬರಹದಲ್ಲಿ ಉತ್ತರ ಇರಬೇಕು. ಆ ಉತ್ತರವನ್ನು ಕೇಳಿ ಪಡೆಯುವುದು ಪೋಷಕರ ಹಕ್ಕು. ಕಾನೂನು ಅದಕ್ಕೆ ಸಾಕಷ್ಟು ಬಲ ಕೊಟ್ಟಿದೆ.

ಮೊದಲು ಕರಾರು ಯಾರ ನಡುವೆ ಎಂಬುದನ್ನು ನೋಡೋಣ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪ್ರಾಪ್ತರಿಗೆ ಕರಾರು ಮಾಡಿಕೊಳ್ಳುವ ಅರ್ಹತೆ ಇಲ್ಲ. ಅಪ್ರಾಪ್ತರು ಮಾಡಿಕೊಂಡ ಒಪ್ಪಂದ ಮೊದಲಿನಿಂದಲೇ ಶೂನ್ಯ ಎಂದು ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿತು. ಆದ್ದರಿಂದ ಬೋರ್ಡಿಂಗ್ ಪಾಸಿನ ಮೇಲೆ ಮಗುವಿನ ಹೆಸರಿದ್ದರೂ ಸಂಸ್ಥೆಯೊಡನೆ ಕರಾರು ಮಾಡಿಕೊಂಡವರು ಹಣ ಕೊಟ್ಟು ಸಹಿ ಹಾಕಿದ ತಂದೆ ಅಥವಾ ತಾಯಿ. ಪ್ರಾಪ್ತ ವಯಸ್ಸು 18. ಹಾಗಾದರೆ 12ರ ಗೆರೆ ಎಲ್ಲಿಂದ ಬಂತು? ಸಂಸತ್ತಿನ ಯಾವ ಕಾಯ್ದೆಯೂ 12 ತುಂಬಿದ ಮಗುವನ್ನು ದೊಡ್ಡವರೆಂದು ಕರೆದಿಲ್ಲ. ಅದು ಸಂಸ್ಥೆಗಳು ತಮ್ಮ ಪ್ರಯಾಣ ನಿಯಮಗಳಲ್ಲಿ ಬರೆದುಕೊಂಡಿರುವ ಗೆರೆ. ಹದಿಮೂರರ ಹುಡುಗಿ ಸಂಸ್ಥೆಯ ಕಂಪ್ಯೂಟರಿನಲ್ಲಿ ವಯಸ್ಕ ಪ್ರಯಾಣಿಕಳಾದರೂ ದೇಶದ ಕಾನೂನಿನಲ್ಲಿ ಮಗುವೇ. ಈ ಆರು ವರ್ಷಗಳ ಅಂತರವೇ ಪೋಷಕರು ಅತಿ ಹೆಚ್ಚು ಎಚ್ಚರ ವಹಿಸಬೇಕಾದ ಜಾಗ. ಅದಕ್ಕೆ ಮುಂದೆ ಬರುತ್ತೇನೆ.

ಈಗ ಫಾರಂ. ಅದರಲ್ಲಿ ಮಗುವಿನ ಹೆಸರು, ವಯಸ್ಸು, ಬಿಟ್ಟುಹೋಗುವವರ ವಿವರ, ಇಳಿದಲ್ಲಿ ಬರಮಾಡಿಕೊಳ್ಳುವವರ ಹೆಸರು, ವಿಳಾಸ, ಫೋನ್ ನಂಬರು ಇರುತ್ತವೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಮುಚ್ಚಳಿಕೆ ಇರುವುದುಂಟು: ಪ್ರಯಾಣದಲ್ಲಿ ಏನೇ ಆದರೂ ಸಂಸ್ಥೆ ಹೊಣೆಯಲ್ಲ, ನಷ್ಟವನ್ನು ಪೋಷಕರೇ ಭರಿಸುತ್ತೇವೆ ಎಂಬ ಅರ್ಥದ್ದು. ಸಹಿ ಹಾಕಿಯಾಯಿತು, ಇನ್ನು ಮಾತಾಡಲು ಬಾಯಿಲ್ಲ ಎಂದು ಪೋಷಕರು ತಿಳಿಯುತ್ತಾರೆ. ಕೌಂಟರಿನ ಸಿಬ್ಬಂದಿಯೂ ಹಾಗೆಯೇ ಹೇಳಬಹುದು. ಅದು ಸರಿಯಲ್ಲ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. 1972ರ ವಾಯು ಸಾಗಣೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಅದು ನಮ್ಮದೇ ಕಾನೂನಾಗಿದೆ. ದೇಶದೊಳಗಿನ ಹಾರಾಟಕ್ಕೂ ಅದರ ನಿಯಮಗಳನ್ನು ಕೆಲವು ಮಾರ್ಪಾಡುಗಳೊಂದಿಗೆ ಅನ್ವಯಿಸಲಾಗಿದೆ. ವಿಮಾನದೊಳಗೆ, ಹತ್ತುವಾಗ, ಇಳಿಯುವಾಗ ನಡೆದ ಅಪಘಾತದಿಂದ ಪ್ರಯಾಣಿಕರಿಗೆ ಸಾವು ಅಥವಾ ದೈಹಿಕ ಗಾಯವಾದರೆ ಸಂಸ್ಥೆ ಹೊಣೆ ಎನ್ನುತ್ತದೆ 17ನೇ ವಿಧಿ. ಆ ಹೊಣೆಯಿಂದ ಸಂಸ್ಥೆಯನ್ನು ಬಿಡಿಸುವ ಅಥವಾ ಮಿತಿಯನ್ನು ಇಳಿಸುವ ಯಾವ ಷರತ್ತೂ ಶೂನ್ಯ ಎನ್ನುತ್ತದೆ 26ನೇ ವಿಧಿ. ಷರತ್ತು ಬಿದ್ದುಹೋದರೂ ಉಳಿದ ಕರಾರು ಉಳಿಯುತ್ತದೆ. ಅಂದರೆ ಮುಚ್ಚಳಿಕೆಗೆ ಹೆದರಿ ಮಗುವನ್ನು ಕಳಿಸದೆ ಇರಬೇಕಾಗಿಲ್ಲ, ಸಹಿ ಹಾಕಿದ್ದೇವೆಂದು ಹಕ್ಕು ಬಿಟ್ಟುಕೊಡಬೇಕಾಗಿಯೂ ಇಲ್ಲ.

ಅಪಘಾತವಲ್ಲದ ತಪ್ಪುಗಳೂ ಇವೆ, ಪೋಷಕರು ನಿಜವಾಗಿ ಹೆದರುವುದು ಅವುಗಳಿಗೇ: ಮಗುವನ್ನು ಬೇರೆಯವರ ಕೈಗೆ ಕೊಟ್ಟುಬಿಡುವುದು, ನಿಲ್ದಾಣದ ಮೂಲೆಯಲ್ಲಿ ಗಂಟೆಗಟ್ಟಲೆ ಒಂಟಿಯಾಗಿ ಕೂರಿಸುವುದು. ಇಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೈಹಿಡಿಯುತ್ತದೆ. ಗ್ರಾಹಕರಿಗೆ ಹಾನಿ ತರುವ ನಿರ್ಲಕ್ಷ್ಯವನ್ನೂ ಮಾಡಬೇಕಾದ್ದನ್ನು ಮಾಡದಿರುವುದನ್ನೂ ಆ ಕಾಯ್ದೆ ಸೇವಾ ನ್ಯೂನತೆಯೊಳಗೆ ಸೇರಿಸಿದೆ. ಇದಕ್ಕೆ ಸಂಸ್ಥೆಗಳ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ: ನಾವು ಪ್ರಯಾಣಿಕರನ್ನು ಸಾಗಿಸುವವರು, ಮಕ್ಕಳನ್ನು ನೋಡಿಕೊಳ್ಳುವ ಆಯಾಗಳಲ್ಲ, ನೂರೆಂಬತ್ತು ಜನರ ವಿಮಾನದಲ್ಲಿ ಬೆರಳೆಣಿಕೆಯ ಸಿಬ್ಬಂದಿ ಒಂದು ಮಗುವಿನ ಪಕ್ಕದಲ್ಲೇ ಕೂರಲಾಗದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹಾರಾಟದುದ್ದಕ್ಕೂ ಪಕ್ಕದಲ್ಲಿ ಕೂರುತ್ತೇವೆಂದು ಯಾವ ಸಂಸ್ಥೆಯೂ ಹೇಳಿಲ್ಲ, ಪೋಷಕರೂ ಅದನ್ನು ನಿರೀಕ್ಷಿಸಬಾರದು. ಆದರೆ ಟಿಕೆಟ್ ದರದ ಮೇಲೆ ಬೇರೆ ಶುಲ್ಕ ಪಡೆದದ್ದು ಯಾವುದಕ್ಕೆ? ಚೆಕ್-ಇನ್‌ನಲ್ಲಿ ಮಗುವನ್ನು ವಹಿಸಿಕೊಂಡು, ಭದ್ರತಾ ತಪಾಸಣೆ ದಾಟಿಸಿ, ವಿಮಾನ ಹತ್ತಿಸಿ, ಇಳಿಸಿ, ಹೆಸರಿಸಿದ ವ್ಯಕ್ತಿಗೇ ಒಪ್ಪಿಸುವುದಕ್ಕೆ. ಮಗುವಿನ ಮೇಲೆ ವಾಸ್ತವಿಕ ಉಸ್ತುವಾರಿ ಅಥವಾ ಹತೋಟಿ ಇರುವವರು ಅದನ್ನು ತೊರೆದರೆ ಇಲ್ಲವೇ ಉದ್ದೇಶಪೂರ್ವಕವಾಗಿ ನಿರ್ಲಕ್ಷಿಸಿ ಅನಗತ್ಯ ನೋವಿಗೆ ಗುರಿಮಾಡಿದರೆ ಅದು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಆ ಮಾತು ಪೋಷಕರಿಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ನಿಯಂತ್ರಕರ ದೃಷ್ಟಿಯೂ ಇದೇ ದಿಕ್ಕಿನದು: 12 ವರ್ಷದವರೆಗಿನ ಮಗುವಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆ ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2024ರ ಏಪ್ರಿಲ್‌ನಲ್ಲಿ ಸೂಚಿಸಿತು. ಜೊತೆಗೆ ಪೋಷಕರಿರುವ ಮಗುವಿಗೇ ಇಷ್ಟು ಕಾಳಜಿ ಬೇಕಾದರೆ ಜೊತೆಗಿಲ್ಲದ ಮಗುವಿಗೆ ಬೇಡವೇ?

ಆದ್ದರಿಂದ ಫಾರಂ ತುಂಬುವಾಗ ಅವಸರ ಬೇಡ. ಬರಮಾಡಿಕೊಳ್ಳುವವರ ಹೆಸರು ಅವರ ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಲಿ. ಮನೆಯಲ್ಲಿ ಶಂಕ್ರಣ್ಣ ಎನಿಸಿಕೊಂಡವರು ಆಧಾರ್‌ನಲ್ಲಿ ಬೇರೆ ಹೆಸರಿನವರಾಗಿದ್ದರೆ ಆಗಮನದ ಬಾಗಿಲಲ್ಲಿ ಮಗುವನ್ನು ಒಪ್ಪಿಸಲು ಸಿಬ್ಬಂದಿ ನಿರಾಕರಿಸುತ್ತಾರೆ, ನಿರಾಕರಿಸಲೇಬೇಕು. ಒಬ್ಬರ ಜೊತೆಗೆ ಇನ್ನೊಬ್ಬರ ಹೆಸರನ್ನೂ ಬರೆಸಲು ಅವಕಾಶವಿದೆಯೇ ಎಂದು ಕೇಳಿ. ತುಂಬಿದ ಫಾರಂನ ಪ್ರತಿಯನ್ನು ತಪ್ಪದೆ ಪಡೆಯಿರಿ. ಪ್ರತಿ ಕೊಡದಿದ್ದರೆ ಸಹಿಗೆ ಮೊದಲು ಫೋಟೋ ತೆಗೆದುಕೊಳ್ಳಿ. ಒಂಟಿ ಮಗುವಿಗೆ ಸ್ವಂತ ಗುರುತಿನ ದಾಖಲೆ ಬೇಕು. ಐದು ತುಂಬುವ ಮೊದಲು ಮಾಡಿಸಿದ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲ, ಫೋಟೋ ಹಸುಗೂಸಿನದು. ಅದನ್ನು ಪ್ರಯಾಣಕ್ಕೆ ಸಾಕಷ್ಟು ಮೊದಲೇ ನವೀಕರಿಸಿಕೊಳ್ಳಬೇಕು. ದೇವನಹಳ್ಳಿಯ ನಿಲ್ದಾಣದಲ್ಲಿ ಎರಡು ಟರ್ಮಿನಲ್‌ಗಳಿವೆ, ಯಾವುದೆಂದು ಹಿಂದಿನ ದಿನವೇ ಖಚಿತಪಡಿಸಿಕೊಳ್ಳಿ. ವಿಮಾನ ಮೇಲೇರುವವರೆಗೆ ಬಿಡಲು ಬಂದವರು ನಿಲ್ದಾಣದಲ್ಲೇ ಇರಬೇಕು. ಬರಮಾಡಿಕೊಳ್ಳುವವರು ಬಾರದೇ ಹೋದರೆ? ಕಳೆದುಹೋದ ಅಥವಾ ತೊರೆಯಲ್ಪಟ್ಟಂತೆ ಕಾಣುವ ಮಗು ಕೈಗೆ ಬಂದವರು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ, ಪೊಲೀಸ್ ಠಾಣೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕೆಂದು ಬಾಲನ್ಯಾಯ ಕಾಯ್ದೆಯ 32ನೇ ಸೆಕ್ಷನ್ ಹೇಳುತ್ತದೆ. 1098 ಎಂಬ ಆ ಸಹಾಯವಾಣಿಯ ಸಂಖ್ಯೆಯನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ನಮ್ಮಲ್ಲಿ ಮಕ್ಕಳು ಸರ್ಕಾರಿ ಬಸ್ಸಿನಲ್ಲಿ, ರೈಲಿನಲ್ಲಿ ಒಂಟಿಯಾಗಿ ಓಡಾಡುವುದಿಲ್ಲವೇ, ಕಂಡಕ್ಟರಿಗೆ ಒಂದು ಮಾತು ಹೇಳಿದರೆ ಸಾಕಲ್ಲವೇ, ವಿಮಾನಕ್ಕೇಕೆ ಇಷ್ಟು ಕಾಗದಪತ್ರ ಎಂದು ಕೇಳುವವರಿದ್ದಾರೆ. ಮಕ್ಕಳ ಸ್ವಾವಲಂಬನೆಯ ಮೇಲಿನ ಆ ನಂಬಿಕೆ ಒಳ್ಳೆಯದೇ. ಆದರೆ ಬಸ್ಸು ಕೆಟ್ಟು ನಿಂತರೆ ಚಿಕ್ಕಪ್ಪ ಬೈಕು ಹತ್ತಿ ಅಲ್ಲಿಗೇ ಹೋಗಬಹುದು. ವಿಮಾನ ನಿಲ್ದಾಣದ ಒಳಗೆ ಟಿಕೆಟ್ಟಾಗಲೀ ಪಾಸಾಗಲೀ ಇಲ್ಲದವರಿಗೆ ಪ್ರವೇಶವಿಲ್ಲ. ಡಿಸೆಂಬರ್, ಜನವರಿಯ ಮಂಜಿನಲ್ಲಿ ದೆಹಲಿಗೆ ಹೊರಟ ವಿಮಾನ ನಮ್ಮವರು ಯಾರೂ ಇಲ್ಲದ ಇನ್ನೊಂದು ಊರಿನಲ್ಲಿ ಇಳಿಯಬಹುದು. ತಡವಾದಾಗ, ರದ್ದಾದಾಗ ಪ್ರಯಾಣಿಕರಿಗೆ ಏನು ಕೊಡಬೇಕೆಂದು ಡಿಜಿಸಿಎ ನಿಯಮಗಳಲ್ಲಿದೆ: ಹಾರಾಟದ ಅವಧಿಗೆ ತಕ್ಕಂತೆ 2, 3 ಅಥವಾ 4 ಗಂಟೆ ಮೀರಿದ ವಿಳಂಬಕ್ಕೆ ಊಟ, ಉಪಾಹಾರ; 6 ಗಂಟೆ ಮೀರುವುದಾದರೆ ಬೇರೆ ವಿಮಾನ ಅಥವಾ ಪೂರ್ಣ ಹಣ ವಾಪಸು; ವಿಳಂಬ 24 ಗಂಟೆ ಮೀರಿದರೆ, ಅಥವಾ ರಾತ್ರಿ 8ರಿಂದ 3ರ ನಡುವಿನ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದರೆ, ಹೋಟೆಲ್ ವಸತಿ. ಈ ನಿಯಮಗಳು ಮನಸ್ಸಿನಲ್ಲಿಟ್ಟುಕೊಂಡದ್ದು ದೊಡ್ಡವರನ್ನು. ಎಂಟು ವರ್ಷದ ಮಗುವಿನ ಕೈಗೆ ಹೋಟೆಲ್ ರೂಮಿನ ಕೀಲಿ ಕೊಟ್ಟರೆ ಅದು ಸೌಲಭ್ಯವಾದೀತೇ? ಹಾಗಾಗಿ ಮಾರ್ಗ ಬದಲಾದರೆ ಮಗುವಿನ ಜೊತೆ ಯಾರಿರುತ್ತಾರೆ, ಪೋಷಕರಿಗೆ ಯಾರು ಫೋನ್ ಮಾಡುತ್ತಾರೆ, ಪೋಷಕರ ಒಪ್ಪಿಗೆಯಿಲ್ಲದೆ ನಿಲ್ದಾಣದಿಂದ ಹೊರಗೆ ಕರೆದೊಯ್ಯುವುದಿಲ್ಲವೇ ಎಂಬ ಪ್ರಶ್ನೆಗಳನ್ನು ಸಂಸ್ಥೆಗೆ ಇಮೇಲ್‌ನಲ್ಲಿ ಮೊದಲೇ ಕೇಳಿ, ಉತ್ತರವನ್ನು ಇಟ್ಟುಕೊಳ್ಳಬೇಕು. ವಿಮಾನ ಬದಲಿಸಬೇಕಾದ ಟಿಕೆಟ್ ಬೇಡ, ದಿನದ ಕೊನೆಯ ವಿಮಾನವೂ ಬೇಡ. ಬೆಳಗಿನ ನೇರ ವಿಮಾನದ ಟಿಕೆಟ್ಟಿಗೆ ಸ್ವಲ್ಪ ಹೆಚ್ಚು ಹಣವಾದರೂ ಕೊಡಿ.

ಇನ್ನು 12ರಿಂದ 18ರ ನಡುವಿನವರು. ಕೆಲವು ಸಂಸ್ಥೆಗಳು ಪೋಷಕರು ಕೇಳಿ, ಶುಲ್ಕ ಕಟ್ಟಿದರೆ ಇವರಿಗೂ ಇದೇ ಸೇವೆ ಕೊಡುತ್ತವೆ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಮಗನಿಗೆ ಫೋನ್ ಬಳಸಲು ಬರುತ್ತದೆ, ಅವನೇ ದಾರಿ ಹುಡುಕಿಕೊಳ್ಳುತ್ತಾನೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ದಾರಿ ಹುಡುಕುವುದು ಬೇರೆ, ವಿಮಾನ ರದ್ದಾದಾಗ ಕೌಂಟರಿನಲ್ಲಿ ನಿಂತು ಹಕ್ಕು ಕೇಳುವುದು ಬೇರೆ. ಸೇವೆ ಸಿಗದಿದ್ದರೆ ಪೋಷಕರೇ ಒಂದು ಒಪ್ಪಿಗೆ ಪತ್ರ ಬರೆದು, ಎರಡೂ ಊರಿನ ಹಿರಿಯರ ಫೋನ್ ನಂಬರು ಮತ್ತು ತಮ್ಮ ಗುರುತಿನ ಚೀಟಿಯ ಪ್ರತಿಯೊಂದಿಗೆ ಮಗುವಿನ ಬಳಿ ಇಡಬೇಕು.

ಈ ಪತ್ರಕ್ಕೆ ಸಹಿ ಯಾರದ್ದು? ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್ ತಂದೆಯನ್ನು ಮೊದಲು, ಆಮೇಲೆ ತಾಯಿಯನ್ನು ಸ್ವಾಭಾವಿಕ ಪಾಲಕರೆಂದು ಹೆಸರಿಸಿದರೂ, ತಂದೆ ಮಗುವಿನ ಹೊಣೆಯಿಂದ ದೂರವಿದ್ದಾಗ ಅವನು ಬದುಕಿರುವಾಗಲೇ ತಾಯಿ ಪಾಲಕಿಯಾಗಬಹುದೆಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ತಂದೆಯ ಸಹಿಯೇ ಬೇಕೆಂದು ತಾಯಿಯನ್ನು ಯಾರಾದರೂ ತಿರುಗಿಸಿ ಕಳಿಸಿದರೆ ಈ ತೀರ್ಪನ್ನು ನೆನಪಿಸಿ. ಮಗುವಿನ ವಶದ ಬಗ್ಗೆ ಮೊಕದ್ದಮೆ ನಡೆಯುತ್ತಿದ್ದರೆ ಮಾತ್ರ ನ್ಯಾಯಾಲಯದ ಆದೇಶದ ಪ್ರತಿ ಜೊತೆಗಿರಲೇಬೇಕು. ದುಬೈ, ಲಂಡನ್, ಅಮೆರಿಕದಲ್ಲಿರುವ ಕನ್ನಡಿಗರು ಮಕ್ಕಳನ್ನು ಊರಿಗೆ ಕಳಿಸುವಾಗ ಇಬ್ಬರೂ ಸಹಿ ಮಾಡಿ ನೋಟರಿ ಮಾಡಿಸಿದ ಪತ್ರ ಇಡುವುದು ಲೇಸು. ಹೊರಡುವ ಮತ್ತು ತಲುಪುವ ಎರಡೂ ದೇಶಗಳ ನಿಯಮಗಳನ್ನು ನೋಡಿಕೊಳ್ಳಿ. ಮಗುವಿನ ಭಾರತೀಯ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ 5 ವರ್ಷ ಮಾತ್ರ ಎಂಬುದನ್ನೂ ಗಮನಿಸಬೇಕು.

ಹೇಳಲು ಕಷ್ಟವಾದರೂ ಹೇಳಲೇಬೇಕಾದದ್ದು ಲೈಂಗಿಕ ಕಿರುಕುಳದ ಅಪಾಯ. ಯಾರಾದರೂ ಅಹಿತವಾಗಿ ಮುಟ್ಟಿದರೆ ಕೂಡಲೇ ಕರೆಗುಂಡಿ ಒತ್ತಿ ಸೀಟು ಬದಲಿಸಲು ಕೇಳುವಂತೆ ಮಗುವಿಗೆ ಹೇಳಿಕೊಡಿ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ, ತಿಳಿಸದಿರುವುದೇ ಅಪರಾಧ. ಘಟನೆ ನಡೆದದ್ದು ಯಾವ ಊರಿನ ಆಕಾಶದಲ್ಲಿ ಎಂದು ಠಾಣೆಯವರು ಕೈಚೆಲ್ಲುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಮವಸ್ತ್ರದಲ್ಲಿಲ್ಲದ ಅಧಿಕಾರಿ ಪಡೆಯಬೇಕು.

ಗ್ರಾಹಕ ಆಯೋಗಕ್ಕೆ ಹೋದರೆ ವರ್ಷಗಟ್ಟಲೆ ಅಲೆದಾಟ, ಈ ಹಕ್ಕುಗಳಿಂದ ಏನು ಪ್ರಯೋಜನ ಎಂಬುದು ಕೊನೆಯ ಆಕ್ಷೇಪ. ಎದುರುಪಕ್ಷಕ್ಕೆ ನೋಟಿಸು ತಲುಪಿದ ಮೂರು ತಿಂಗಳಲ್ಲಿ ಸಾಧ್ಯವಾದಷ್ಟೂ ತೀರ್ಮಾನಿಸಬೇಕೆಂಬ ಕಾಯ್ದೆಯ ಆಶಯ ಬಹಳ ಸಲ ಈಡೇರುವುದಿಲ್ಲ ಎಂಬುದು ನಿಜ. ಆದರೆ ಮೇಲೆ ಹೇಳಿದ ಕಾಗದಗಳು ಕೆಲಸ ಮಾಡುವುದು ಮೊಕದ್ದಮೆಗೂ ಮೊದಲೇ: ಬರಹದಲ್ಲಿ ಕೇಳಿದ ಪೋಷಕರಿಗೆ ಬರಹದಲ್ಲಿ ಉತ್ತರಿಸಿದ ಸಂಸ್ಥೆ ಆ ಮಗುವಿನ ವಿಷಯದಲ್ಲಿ ಮೈಮರೆಯುವುದು ಕಷ್ಟ. ತಪ್ಪು ನಡೆದರೆ ಮೊದಲು ಸಂಸ್ಥೆಯ ದೂರು ಅಧಿಕಾರಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ಇಲ್ಲವೇ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಮಗುವಿನ ಪರವಾಗಿ ತಂದೆ ತಾಯಿ ಅಥವಾ ಕಾನೂನುಬದ್ಧ ಪಾಲಕರು ದೂರುದಾರರಾಗಬಹುದೆಂದು ಕಾಯ್ದೆಯೇ ಹೇಳಿದೆ. ಸಂಸ್ಥೆಯ ಕಚೇರಿ ಗುರುಗ್ರಾಮದಲ್ಲಿದ್ದರೂ ನೀವು ವಾಸವಿರುವ ಧಾರವಾಡದಲ್ಲೋ ಶಿವಮೊಗ್ಗದಲ್ಲೋ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ; ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಮುಚ್ಚಳಿಕೆಯ ಷರತ್ತೇ ಅನ್ಯಾಯದ ಕರಾರು ಎಂದು ಪ್ರಶ್ನಿಸುವುದಾದರೆ ಮಾತ್ರ ರಾಜ್ಯ ಆಯೋಗಕ್ಕೆ ಹೋಗಬೇಕು. ಗ್ರಾಹಕ ಕಾಯ್ದೆಯಲ್ಲೂ ಮಾಂಟ್ರಿಯಲ್ ಒಪ್ಪಂದದಲ್ಲೂ ಕಾಲಮಿತಿ 2 ವರ್ಷ. ಆದ್ದರಿಂದ ಫಾರಂನ ಪ್ರತಿ, ಬೋರ್ಡಿಂಗ್ ಪಾಸ್, ಸಂಸ್ಥೆಯೊಡನೆ ನಡೆದ ಇಮೇಲ್‌ಗಳನ್ನು ಮಗು ಮನೆ ಸೇರಿತೆಂದು ಬಿಸಾಡದೆ ಅಷ್ಟು ಕಾಲ ಇಟ್ಟುಕೊಂಡಿರಬೇಕು.