ಮುಖಲೇಪವೂ ಕೈಯಂತ್ರವೂ

ನಮ್ಮ ಹಿರಿಯರ ಮನೆಗಳಲ್ಲಿ ಮುಖಲೇಪಕ್ಕೆಂದು ಇದ್ದ ಸಾಧನವು ಒಂದೇ, ಅದು ಸಾಣೆಕಲ್ಲು. ಗಂಧದ ಕೊರಡನ್ನೋ ಅರಿಸಿನದ ಕೊಂಬನ್ನೋ ನೀರು ಹಾಕಿ ಅದರ ಮೇಲೆ ತೇಯ್ದು, ಬಂದುದನ್ನು ಬೆರಳಿನಿಂದ ಹಚ್ಚಿಕೊಳ್ಳುತ್ತಿದ್ದರು. ಹಚ್ಚುವ ಕೆಲಸಕ್ಕೆ ಬೆರಳಲ್ಲದೆ ಮತ್ತೊಂದು ಉಪಕರಣವು ಬೇಕೆಂದು ಯಾರಿಗೂ ತೋರಿರಲಿಲ್ಲ. ಈಗಲಾದರೋ ಮುಪ್ಪಿನ ಸುಕ್ಕುಗಳನ್ನು ತಡೆಯುವುವೆಂದು ಹೇಳುವ ಲೇಪಗಳ ಜೊತೆಗೆ, ಆ ಲೇಪಗಳನ್ನು ಚರ್ಮದೊಳಕ್ಕೆ ಇಳಿಸುವುವೆಂದು ಹೇಳುವ ಕೈಯಂತ್ರಗಳೂ ಮನೆಯ ಬಾಗಿಲಿಗೆ ಬರುತ್ತಿವೆ. ಕೆಲವು ವಿದ್ಯುತ್ತಿನಿಂದ, ಕೆಲವು ಶಬ್ದದ ಅಲೆಗಳಿಂದ, ಕೆಲವು ಸೂಕ್ಷ್ಮವಾದ ಮುಳ್ಳುಗಳಿಂದ ಕೆಲಸಮಾಡುವುವು. ಬೆರಳು ಮಾಡಲಾರದ ಯಾವ ಕೆಲಸವನ್ನು ಇವು ಮಾಡುವುವೆಂಬುದೇ ಈ ಪಾಠದ ವಿಷಯ.

ಇಂತಹ ವಿಷಯವು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ತಕ್ಕುದೇ ಎಂದು ಕೆಲವರು ಹುಬ್ಬುಗಂಟಿಕ್ಕಬಹುದು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಕಡೆಯಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಾರದಿದ್ದರೆ ನಾವೂ ಹಾಗೆಯೇ ಎಣಿಸುತ್ತಿದ್ದೆವು. ಆ ತಾಯಿಗೆ ನಮ್ಮಷ್ಟೇ ವಯಸ್ಸು. ಮಗಳ ಮದುವೆಯು ಗೊತ್ತಾದಾಗ, ಬೀಗರ ಮುಂದೆ ತನ್ನ ಬಿಸಿಲುಂಡ ಮುಖವು ಚೆನ್ನಾಗಿ ಕಾಣಲೆಂದು, ಡೈರಿಗೆ ಹಾಲು ಹಾಕಿ ಉಳಿಸಿದ್ದ ಹಣದಿಂದ ಒಂದು ಮುಳ್ಳುರುಳೆಯನ್ನೂ ಅಂಗಡಿಯವನು ಕೊಟ್ಟ ಒಂದು ಕ್ರೀಮನ್ನೂ ಆಕೆ ಕೊಂಡಿದ್ದರು. ರಾತ್ರಿ ಉರುಳೆಯನ್ನು ಕೆನ್ನೆಯ ಮೇಲೆ ಹೊರಳಿಸಿ ಕೂಡಲೇ ಕ್ರೀಮನ್ನು ಬಳಿಯುವರು. ಮೊದಲನೆಯ ವಾರ ಮುಖವು ತಿಳಿಯಾಯಿತು. ಮೂರನೆಯ ವಾರಕ್ಕೆ ಉರಿ, ಕೆಂಪು, ಗುಳ್ಳೆ. ತರುವಾಯ ಕೆನ್ನೆಗಳೆರಡರಲ್ಲಿಯೂ ಕಪ್ಪು ಮಚ್ಚೆಗಳು. ಧಾರೆಯ ದಿನ ಪಟ ತೆಗೆಯುವಾಗ ಆ ತಾಯಿ ಸೆರಗನ್ನು ಮುಖಕ್ಕೆ ತಂದುಕೊಂಡು ಎಲ್ಲರ ಹಿಂದೆ ನಿಂತರಂತೆ. "ಯಂತ್ರ ಕೆಟ್ಟದ್ದೋ ಕ್ರೀಮು ಕೆಟ್ಟದ್ದೋ ಹೇಳಿ ಅಮ್ಮಾ" ಎಂದು ಆಕೆ ನಮ್ಮನ್ನು ಕೇಳಿದರು. ಚರ್ಮವೈದ್ಯರಲ್ಲಿಗೆ ಕಳುಹಿಸಿಕೊಟ್ಟೆವಾದರೂ ಪ್ರಶ್ನೆಯು ನಮ್ಮಲ್ಲಿಯೇ ಉಳಿಯಿತು.

ಚರ್ಮದ ಮೊದಲನೆಯ ಕೆಲಸವೇ ಹೊರಗಿನದನ್ನು ಹೊರಗಿರಿಸುವುದು. ಅದರ ಅತ್ಯಂತ ಮೇಲಿನ ಪೊರೆಯು ಸತ್ತ ಕಣಗಳಿಂದಾದುದು. ಮುಖದ ಮೇಲೆ ಅದರ ದಪ್ಪವು ಒಂದು ಮಿಲಿಮೀಟರಿನ ನೂರನೆಯ ಒಂದೆರಡು ಪಾಲು ಮಾತ್ರ. ಗಾರೆಯಲ್ಲಿ ಕೂಡಿಸಿದ ಇಟ್ಟಿಗೆಗಳಂತೆ ಆ ಕಣಗಳು ಕೊಬ್ಬಿನ ನಡುವೆ ಒತ್ತಾಗಿ ಕೂತಿರುವುವು. ಈ ಗೋಡೆಯನ್ನು ದಾಟಬೇಕಾದರೆ ವಸ್ತುವಿನ ಅಣುವು ಸಣ್ಣದಾಗಿರಬೇಕು. ಸುಮಾರು 500 ಡಾಲ್ಟನ್ ತೂಕವನ್ನು ಮೀರಿದುದು ಒಳಹೋಗುವುದು ಬಹು ಕಷ್ಟವೆಂದು 2000ದಲ್ಲಿ ಇಬ್ಬರು ವಿದ್ವಾಂಸರು ತೋರಿಸಿಕೊಟ್ಟರು. ವಿಟಮಿನ್ ಸಿಯ ಅಣು 176. ರೆಟಿನಾಲ್ ಎಂಬುದು 286. ಕೊಲಾಜೆನ್ ಆದರೋ ಸುಮಾರು ಮೂರು ಲಕ್ಷ! ಕೊಲಾಜೆನ್ ಲೇಪವನ್ನು ಹಚ್ಚಿಕೊಂಡು ಅದು ಒಳಗಿಳಿದು ಸುಕ್ಕನ್ನು ತುಂಬುವುದೆಂದು ಕಾಯುವವರು, ಜರಡಿಯ ಕಣ್ಣಿನಲ್ಲಿ ಕುಂಬಳಕಾಯಿ ಇಳಿಯುವುದೆಂದು ಕಾದಂತೆಯೇ ಸರಿ. ಅದು ಮೇಲೆಯೇ ನಿಂತು ತೇವವನ್ನು ಹಿಡಿದಿಟ್ಟುಕೊಳ್ಳುವುದು; ತೇವದಿಂದ ಸಣ್ಣ ಗೆರೆಗಳು ಕೆಲವು ಗಂಟೆಗಳ ಕಾಲ ಮಂಕಾಗುವುವು. ಕೊಂಡವರಿಗೆ ಗುಣವಾದಂತೆ ತೋರುವುದು ಬಹುಮಟ್ಟಿಗೆ ಇದರಿಂದಲೇ.

ವಿದ್ಯುತ್ತಿನ ಕೈಯಂತ್ರವು ನಿರಾಧಾರವಾದ ಕಲ್ಪನೆಯಲ್ಲ. ಸಜಾತೀಯ ವಿದ್ಯುದಂಶಗಳು ಒಂದನ್ನೊಂದು ದೂಡುವುವೆಂದು ನಮ್ಮ ಹುಡುಗಿಯರು ಓದಿದ್ದಾರಷ್ಟೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಸ್ಟೆಫಾನ್ ಲೆಡುಕ್ ಎಂಬವನು ಎರಡು ಮೊಲಗಳನ್ನು ಒಂದೇ ವಿದ್ಯುತ್ಪ್ರವಾಹದಲ್ಲಿ ಸೇರಿಸಿ, ಒಂದರ ಚರ್ಮದ ಮೇಲೆ ಧನಧ್ರುವದ ಕೆಳಗೆ ಸ್ಟ್ರಿಕ್ನೀನ್ ವಿಷವನ್ನೂ ಇನ್ನೊಂದರ ಮೇಲೆ ಋಣಧ್ರುವದ ಕೆಳಗೆ ಸಯನೈಡನ್ನೂ ಇಟ್ಟನು. ಪ್ರವಾಹವು ಹರಿದಾಗ ಎರಡೂ ಸತ್ತವು. ಧ್ರುವಗಳನ್ನು ಅದಲುಬದಲು ಮಾಡಿ ಬೇರೆ ಮೊಲಗಳ ಮೇಲೆ ಪರೀಕ್ಷಿಸಿದಾಗ ಅವುಗಳಿಗೆ ಏನೂ ಆಗಲಿಲ್ಲ. ಪ್ರಯೋಗವು ಕ್ರೂರವಾದುದು, ಆದರೂ ಅದು ಕಲಿಸಿದ್ದು ಮರೆಯತಕ್ಕುದಲ್ಲ. ವಸ್ತುವಿಗೆ ವಿದ್ಯುದಂಶವಿರಬೇಕು, ಅದರ ಮೇಲೆ ಅದೇ ಜಾತಿಯ ಧ್ರುವವೇ ಇರಬೇಕು. ಆಸ್ಪತ್ರೆಗಳಲ್ಲಿ ಮಕ್ಕಳ ಬೆವರನ್ನು ಪರೀಕ್ಷಿಸುವುದಕ್ಕೆ ಪೈಲೋಕಾರ್ಪಿನ್ ಎಂಬ ಔಷಧವನ್ನು 1959ರಿಂದ ಈ ಕ್ರಮದಲ್ಲಿಯೇ ಚರ್ಮದೊಳಕ್ಕೆ ಕಳುಹಿಸುತ್ತಾರೆ. ಹಾಗಾದರೆ ಮನೆಯ ಯಂತ್ರವನ್ನು ಕೊಳ್ಳುವಾಕೆಯು ಕೇಳಬೇಕಾದುದು ಇಷ್ಟೇ: ಈ ಲೇಪದಲ್ಲಿರುವುದು ಧನವೋ ಋಣವೋ, ಮುಖಕ್ಕೆ ತಗಲುವ ಲೋಹದ ತುದಿಯು ಯಾವ ಧ್ರುವ? ಎಣ್ಣೆಯ ಜಾತಿಯ ರೆಟಿನಾಲಿಗೆ ವಿದ್ಯುದಂಶವೇ ಇಲ್ಲ; ಅದನ್ನು ಈ ಯಂತ್ರವು ದೂಡುವುದೆಂತು?

ಶಬ್ದದ ಅಲೆಗಳ ಮಾತೂ ಹೀಗೆಯೇ. ನಮ್ಮ ದೇಶದವರಾದ ಸಮೀರ್ ಮಿತ್ರಗೋತ್ರಿಯವರೂ ಅವರ ಸಂಗಡಿಗರೂ 1995ರಲ್ಲಿ ಅಮೆರಿಕದಲ್ಲಿ, ಕಿವಿಗೆ ಕೇಳದ ಅಲೆಗಳಿಂದ ಇನ್ಸುಲಿನ್ನಿನಂತಹ ದೊಡ್ಡ ಅಣುಗಳನ್ನೂ ಚರ್ಮದ ಮೂಲಕ ದಾಟಿಸಬಹುದೆಂದು ತೋರಿಸಿದರು. ಆದರೆ ಅದಕ್ಕೆ ತಕ್ಕ ಅಲೆಯ ವೇಗ, ಬಲ, ಕಾಲ ಎಲ್ಲವೂ ಅಳತೆಯಲ್ಲಿದ್ದವು. ಕೈಯಲ್ಲಿ ಗುಂಯ್‌ಗುಟ್ಟುವ ಪ್ರತಿಯೊಂದು ಆಟಿಕೆಗೂ ಆ ಕೀರ್ತಿಯು ಸಲ್ಲದು. ಕೆಂಪು ಬೆಳಕಿನ ಮುಖವಾಡಗಳ ಉದ್ದೇಶವೇ ಬೇರೆ. ಅವು ಲೇಪವನ್ನು ಒಳಕ್ಕೆ ಕಳುಹಿಸುವುವಲ್ಲ.

ಇನ್ನು ಮುಳ್ಳುರುಳೆ. ಮನೆಯ ಬಳಕೆಗೆಂದು ಮಾರುವವುಗಳ ಮುಳ್ಳು ಸಾಮಾನ್ಯವಾಗಿ 0.2 ಅಥವಾ 0.3 ಮಿಲಿಮೀಟರ್ ಉದ್ದ. ಇದೂ ಕೂಡ ನಾವು ಮೇಲೆ ಹೇಳಿದ ಗೋಡೆಗಿಂತ ಹಲವು ಪಟ್ಟು ಹೆಚ್ಚು. ಆದುದರಿಂದ ಈ ಯಂತ್ರಗಳಲ್ಲಿ ನಿಜವಾಗಿ ದಾರಿ ಮಾಡಿಕೊಡತಕ್ಕುದು ಇದೇ, ಮತ್ತು ಭಯವೂ ಇದರಲ್ಲಿಯೇ. ತೆರೆದ ಬಾಗಿಲು ಅತಿಥಿಯನ್ನು ಮಾತ್ರ ಬಿಟ್ಟು ಕಳ್ಳನನ್ನು ತಡೆಯಲಾರದು. ಚರ್ಮದ ಮೇಲೆ ಇರಲೆಂದು ಮಾಡಿದ ಲೇಪದಲ್ಲಿ ಸುವಾಸನೆಯ ದ್ರವ್ಯಗಳೂ ಕೆಡದಂತೆ ಕಾಯುವ ರಾಸಾಯನಿಕಗಳೂ ಸೇರಿರುತ್ತವೆ. ಮುಳ್ಳಿನ ಹಾದಿಯಲ್ಲಿ ಅವೂ ಇಳಿಯುವುವು. ಮುಳ್ಳು ಚುಚ್ಚಿ ವಿಟಮಿನ್ ಸಿ ಮೊದಲಾದ ಲೇಪಗಳನ್ನು ಹಚ್ಚಿಸಿಕೊಂಡ ಮೂವರು ಸ್ತ್ರೀಯರ ಮುಖದಲ್ಲಿ ಗಂಟುಗಂಟಾದ ಒಗ್ಗದಿಕೆಯು ಎದ್ದುದನ್ನು ಅಮೆರಿಕದ ವೈದ್ಯರು 2014ರಲ್ಲಿ ಪ್ರಕಟಿಸಿದರು. ಒಬ್ಬರ ಉರುಳೆಯನ್ನು ಮತ್ತೊಬ್ಬರು ಬಳಸಿದರೆ ರಕ್ತದ ಮೂಲಕ ಹರಡುವ ರೋಗಗಳಿಗೂ ಎಡೆಯುಂಟು. ನುರಿತ ವೈದ್ಯರು ಶುದ್ಧಪಡಿಸಿದ ಸಾಧನದಿಂದ ಮೊಡವೆಯ ಹಳ್ಳಗಳಿಗೆ ಮಾಡುವ ಚಿಕಿತ್ಸೆಯನ್ನು ನಾವು ಇಲ್ಲಿ ಖಂಡಿಸುತ್ತಿಲ್ಲ.

ನಮ್ಮವರಿಗೆ ಇನ್ನೊಂದು ವಿಶೇಷವುಂಟು. ಜಾಹೀರಾತುಗಳು ಬಿಳಿಯ ಚರ್ಮದವರ ಸುಕ್ಕನ್ನೇ ಮುಪ್ಪಿನ ಮೊದಲ ಗುರುತಾಗಿ ತೋರಿಸುವುವು. ನಮ್ಮ ಕಂದು ಮೈಬಣ್ಣದಲ್ಲಿ ಸುಕ್ಕಿಗಿಂತ ಮುಂಚೆ ಸಾಮಾನ್ಯವಾಗಿ ಭಂಗು, ಕಲೆ, ಬಣ್ಣದ ಏರುಪೇರು ಕಾಣುತ್ತವೆ. ಇಂತಹ ಚರ್ಮವನ್ನು ಉಜ್ಜಿ, ಚುಚ್ಚಿ, ಉರಿಸಿದಲ್ಲಿ ಉರಿ ಆರಿದ ಮೇಲೆ ಅಲ್ಲಿ ಕಪ್ಪು ಮಚ್ಚೆಯು ತಿಂಗಳುಗಟ್ಟಲೆ ನಿಲ್ಲುವುದು. ಕಳೆಯನ್ನು ಕೀಳಲು ಹೋಗಿ ಕಳೆಯ ಬೀಜವನ್ನೇ ಬಿತ್ತಿದಂತಾಗುವುದು.

ಹರದನಹಳ್ಳಿಯ ತಾಯಿಯ ಕ್ರೀಮಿನಲ್ಲಿ ಸ್ಟೀರಾಯ್ಡ್ ಇದ್ದಿತೆಂದು ವೈದ್ಯರು ಹೇಳಿದರು. ಇದು ಮೊದಲಲ್ಲಿ ಮುಖವನ್ನು ತಿಳಿಮಾಡಿ, ಬರಬರುತ್ತಾ ಚರ್ಮವನ್ನು ತೆಳ್ಳಗೆ ಮಾಡಿ, ಬಿಟ್ಟಕೂಡಲೇ ಉರಿಯನ್ನು ಎಬ್ಬಿಸುವುದು. ಇಂತಹ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರವು 2018ರಲ್ಲಿ ನಿಯಮವನ್ನು ಬಿಗಿಮಾಡಿತು. ಆದರೂ ಅಂಗಡಿಗಳಲ್ಲಿ ಅವು ಸಿಕ್ಕುವುದನ್ನು ನಾವು ಬಲ್ಲೆವು. ಯಂತ್ರವು ಬಾಗಿಲು ತೆರೆಯಿತು, ಕ್ರೀಮು ಒಳಹೊಕ್ಕಿತು. ಆಕೆಯ ಪ್ರಶ್ನೆಗೆ ಉತ್ತರವು ಇಷ್ಟೇ: ಎರಡೂ ಕೂಡಿ ಕೆಡಿಸಿದುವು.

ಹಾಗಾದರೆ ಯಾವುದು ಫಲಕಾರಿ? ಆಸ್ಟ್ರೇಲಿಯದ ನಂಬೂರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ 903 ಮಂದಿ ವಯಸ್ಕರ ಮೇಲೆ ಒಂದು ಪರೀಕ್ಷೆಯು ನಡೆಯಿತು. ಒಂದು ಗುಂಪಿನವರು ದಿನದಿನವೂ ತಲೆ, ಕುತ್ತಿಗೆ, ಕೈಗಳಿಗೆ ಸೂರ್ಯರಕ್ಷಕ ಲೇಪವನ್ನು ಹಚ್ಚಿಕೊಂಡರು. ಮತ್ತೊಂದು ಗುಂಪಿನವರು ತಮ್ಮ ಇಷ್ಟದಂತೆ ನಡೆದರು. ಅಂಗೈಯ ಹಿಂಬದಿಯ ಚರ್ಮದ ಅಚ್ಚುಗಳನ್ನು ತೆಗೆದು, ಯಾರ ಅಚ್ಚು ಯಾವುದೆಂದು ಅರಿಯದವರಿಂದ ಪರಿಶೀಲಿಸಿದರು. ನಾಲ್ಕೂವರೆ ವರ್ಷಗಳಲ್ಲಿ ದಿನವೂ ಹಚ್ಚಿದವರ ಚರ್ಮದ ಮುಪ್ಪು ಶೇಕಡ 24ರಷ್ಟು ಕಡಿಮೆಯಾಗಿದ್ದಿತೆಂದು 2013ರಲ್ಲಿ ಪ್ರಕಟವಾಯಿತು. ಇದಕ್ಕೆ ಬೇಕಾದ ಯಂತ್ರವು ಬೆರಳು ಮಾತ್ರ! ಬಿಸಿಲಿನ ಪ್ರಭಾವವನ್ನು ಅರಿಯಬೇಕಾದರೆ, 28 ವರ್ಷ ಲಾರಿ ನಡೆಸಿದ ಅಮೆರಿಕದ ಚಾಲಕನೊಬ್ಬನ ಭಾವಚಿತ್ರವು 2012ರಲ್ಲಿ ವೈದ್ಯಪತ್ರಿಕೆಯಲ್ಲಿ ಬಂದಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆಯು ಬಲಗೆನ್ನೆಗಿಂತ ಬಹಳ ಮುದಿಯಾಗಿ ಕಾಣುತ್ತದೆ. ನಮ್ಮ ಚಾಲಕರಿಗೆ ಅದು ಬಲಗೆನ್ನೆಯಾದೀತು. ಟ್ರೆಟಿನಾಯಿನ್ ಎಂಬ ಔಷಧಲೇಪವೂ ಬಿಸಿಲಿನ ಸುಕ್ಕನ್ನು ತಗ್ಗಿಸುವುದೆಂದು 1986ರಿಂದ ತಿಳಿದಿದೆ. ಅದನ್ನೂ ಬೆರಳಿನಿಂದಲೇ ಹಚ್ಚುವುದು. ಆದರೆ ವೈದ್ಯರನ್ನು ಕೇಳಿಯೇ ಹಚ್ಚಬೇಕು, ಗರ್ಭಿಣಿಯರು ಹಚ್ಚಲೇಕೂಡದು.

ಯಂತ್ರದ ಜಾಹೀರಾತನ್ನು ಓದುವಾಗ ನಮ್ಮ ಹುಡುಗಿಯರು ಒಂದು ಲೆಕ್ಕವನ್ನು ಮಾಡಲಿ. ಲೇಪವೂ ಯಂತ್ರವೂ ಕೂಡಿದ ಮುಖವನ್ನು, ಏನನ್ನೂ ಹಚ್ಚದ ಮುಖದೊಡನೆ ಹೋಲಿಸಿದ್ದರೆ, ಯಂತ್ರದ ಪಾಲು ಎಷ್ಟೆಂಬುದು ತಿಳಿಯದು. ಒಂದೇ ಲೇಪವನ್ನು ಮುಖದ ಒಂದು ಅರ್ಧಕ್ಕೆ ಬೆರಳಿನಿಂದಲೂ ಇನ್ನೊಂದು ಅರ್ಧಕ್ಕೆ ಯಂತ್ರದಿಂದಲೂ ಹಚ್ಚಿ, ಯಾವುದು ಯಾವುದೆಂದು ಅರಿಯದವರು ತೂಗಿ ನೋಡಿದ್ದಾರೆಯೇ? ಎಷ್ಟು ಮಂದಿಯ ಮೇಲೆ, ಎಷ್ಟು ತಿಂಗಳು? ಹಣ ಕೊಟ್ಟವರು ಯಾರು? ಇವಕ್ಕೆ ಉತ್ತರವಿಲ್ಲದ ಕಡೆ ಹಾಲಿನ ಹಣವನ್ನು ಸುರಿಯಲಾಗದು.

ಆ ತಾಯಿ ಈಚೆಗೆ ಮತ್ತೆ ಬಂದಿದ್ದರು. ಮಚ್ಚೆಗಳು ಅರ್ಧಕ್ಕಿಂತ ಹೆಚ್ಚು ಮಾಸಿವೆ. ಉಳಿದುವಕ್ಕೆ ಇನ್ನೂ ಕಾಲಬೇಕೆಂದು ವೈದ್ಯರು ಹೇಳಿದ್ದಾರಂತೆ. ಬೆಳಿಗ್ಗೆ ರಾಗಿಯ ಹೊಲಕ್ಕೆ ಹೋಗುವ ಮುನ್ನ, ತೋರುಬೆರಳು ನಡುಬೆರಳುಗಳ ಉದ್ದಕ್ಕೂ ಸೂರ್ಯರಕ್ಷಕವನ್ನು ಹಿಂಡಿಕೊಂಡು ಮುಖಕ್ಕೂ ಕತ್ತಿಗೂ ಹಚ್ಚಿ, ಸೆರಗನ್ನು ತಲೆಯ ಮೇಲೆ ಮುಂದಕ್ಕೆ ಎಳೆದುಕೊಳ್ಳುವರು. ಮುಳ್ಳುರುಳೆಯನ್ನು ಏನು ಮಾಡಿದಿರೆಂದು ಕೇಳಿದೆವು. ಮೊಮ್ಮಗುವಿನ ಕೈಗೆ ಸಿಕ್ಕೀತೆಂದು ಹೆದರಿ, ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಆಸ್ಪತ್ರೆಗೆ ಕಳುಹಿಸಿಬಿಟ್ಟರಂತೆ.